ಕತ್ತಲೆ ಎಣಿಸುವ ಕಳ್ಳಿ

"ಏನೋ ಇದು, ಕಳ್ಳೀನ ತಂದು ಮನೆ ಒಳಗೆ ಇಟ್ಕೊಂಡಿದ್ದೀಯಲ್ಲೋ! ಊರಲ್ಲಿ ಬೇಲಿಗೂ ಬೇಡ ಅಂತ ಕಡಿದು ಹಾಕ್ತಿದ್ವಿ."

ನಮ್ಮಮ್ಮ ಪುಣೆಗೆ ಬಂದಾಗಲೆಲ್ಲ ನನ್ನ ಬಾಲ್ಕನಿಯ ಮೂಲೆಯ ಒಂದು ಕುಂಡ ನೋಡಿ ಹೇಳುತ್ತಿದ್ದ ಮಾತಿದು. ನಮ್ಮದು ಶಿರಾ ಕಡೆಯ ಬಯಲುಸೀಮೆ. ಹೊಲದ ಬದುವಿನಲ್ಲಿ, ಕೆರೆ ಏರಿಯ ಹಿಂದೆ, ಹಾಳು ಗೋಡೆಗಳ ಪಕ್ಕ ಪಾಪಾಸುಕಳ್ಳಿ ನೋಡುತ್ತಲೇ ಬೆಳೆದವರು ನಾವು. ಅದರ ಕೆಂಪು ಹಣ್ಣು ತಿನ್ನಲು ಹೋಗಿ ನಾಲಿಗೆಗೆ ಸಣ್ಣ ಮುಳ್ಳು ಚುಚ್ಚಿಸಿಕೊಂಡು ಬಂದು ಬೈಸಿಕೊಂಡಿದ್ದೂ ಉಂಟು. ಅಂಥ ಊರಿನಿಂದ ಬಂದ ಅಮ್ಮನಿಗೆ ಮಗ ಕಳ್ಳಿಗೆ ನೀರು ಹಾಕಿ, ಗೊಬ್ಬರ ಹಾಕಿ, ರಾತ್ರಿ ಹೊದಿಕೆ ಹೊದಿಸುವುದನ್ನು ನೋಡಿ ಏನನ್ನಿಸಿರಬೇಡ!

ನನ್ನದು ಪಾಪಾಸುಕಳ್ಳಿಯಲ್ಲ. ಅದರ ದೂರದ ನೆಂಟ. ಮುಳ್ಳಿಲ್ಲ, ಎಲೆಯೂ ಇಲ್ಲ. ಹೆಬ್ಬೆರಳಿನಷ್ಟು ಉದ್ದದ ಹಸಿರು ಚಪ್ಪಟೆ ತುಂಡುಗಳು ಸರಪಳಿಯ ಕೊಂಡಿಗಳ ಹಾಗೆ ಒಂದರ ತುದಿಗೆ ಇನ್ನೊಂದು ಪೋಣಿಸಿಕೊಂಡು ಕುಂಡದಿಂದ ಕೆಳಕ್ಕೆ ಇಳಿಬೀಳುತ್ತವೆ. ನಾವು ಎಲೆ ಅಂದುಕೊಳ್ಳುವ ಆ ಕೊಂಡಿಗಳೇ ಅದರ ಕಾಂಡ. ಹೂ ಬಿಡುವುದು ಕೊನೆಯ ಕೊಂಡಿಯ ತುದಿಯಲ್ಲಿ. ನರ್ಸರಿಯವರು ಇದನ್ನು ಕ್ರಿಸ್ಮಸ್ ಕ್ಯಾಕ್ಟಸ್ ಅನ್ನುತ್ತಾರೆ. ಸಸ್ಯಶಾಸ್ತ್ರದವರು ಕರೆಯುವುದು ಶ್ಲುಂಬರ್ಗೇರಾ ಎಂದು. ಈ ಹೆಸರು ನನ್ನ ಬಾಯಲ್ಲಿ ಸರಿಯಾಗಿ ಹೊರಳಲು ಒಂದು ವಾರ ಬೇಕಾಯಿತು.

ಇದು ನನ್ನ ಕೈಗೆ ಬಂದದ್ದು 1998ರಲ್ಲಿ. ಅದಕ್ಕೆ ಮುಂಚೆ ಐದು ವರ್ಷ ನಾನು ಮುಂಬೈಯ ಒಂದು ಬ್ರಾಂಚಿನಲ್ಲಿದ್ದೆ. ಪಕ್ಕದ ಬ್ಲಾಕಿನಲ್ಲಿ ಒಬ್ಬ ಮಂಗಳೂರಿನ ಕ್ಯಾಥೊಲಿಕ್ ಆಂಟಿ ಇದ್ದರು. ಮನೆಯಲ್ಲಿ ಕೊಂಕಣಿ, ನನ್ನ ಹತ್ತಿರ ಮಾತ್ರ ಕನ್ನಡ. ಅವರ ತವರು ಚಿಕ್ಕಮಗಳೂರಿನ ಕಡೆ ಒಂದು ಕಾಫಿ ತೋಟದಲ್ಲಿ, ತಂದೆ ಅಲ್ಲಿ ರೈಟರ್ ಆಗಿದ್ದರಂತೆ. ತವರಿನ ಜಗಲಿಯಲ್ಲಿ ಪ್ರತಿ ಕ್ರಿಸ್ಮಸ್‌ಗೆ ತೂಗುಕುಂಡದ ತುಂಬ ಈ ಹೂ ಬಿಡುತ್ತಿತ್ತಂತೆ. ಮದುವೆಯಾಗಿ ಮುಂಬೈಗೆ ಬರುವಾಗ ಅವರಮ್ಮ ಒದ್ದೆ ಬಟ್ಟೆಯಲ್ಲಿ ಸುತ್ತಿ ನಾಲ್ಕು ಕೊಂಡಿ ಕೊಟ್ಟು ಕಳಿಸಿದ್ದರು. ಗಿಡ ಮುಂಬೈಯ ಕಿಟಕಿಯ ಗ್ರಿಲ್‌ನಲ್ಲಿ ಬೆಳೆಯಿತು, ಜೋತುಬಿತ್ತು, ದಪ್ಪವಾಯಿತು. ಹೂ ಮಾತ್ರ ನಾನು ಅಲ್ಲಿದ್ದ ಐದು ವರ್ಷದಲ್ಲಿ ಒಂದು ಸಲವೂ ಕಾಣಲಿಲ್ಲ.

ನನಗೆ ಪುಣೆಗೆ ಟ್ರಾನ್ಸ್‌ಫರ್ ಆದಾಗ ಆಂಟಿ ಮೂರು ಕೊಂಡಿ ಮುರಿದು ಕೊಟ್ಟರು. "ಇಲ್ಲಿಯ ಸೆಕೆಗೆ ಇದು ಬಿಡುವುದಿಲ್ಲ ಮಾರಾಯ. ಪುಣೆ ತಂಪಂತಲ್ಲ, ಅಲ್ಲಿ ನೋಡು. ಬಿಟ್ಟರೆ ನನಗೆ ಹೇಳಬೇಕು ಆಯ್ತಾ?" ಅಂದರು. ಮೂರು ಕೊಂಡಿ, ಒಂದು ಮಾತು. ಸಾಲ ಮಂಜೂರು ಮಾಡುವವನಿಗೆ ಇಷ್ಟು ಚಿಕ್ಕ ಸಾಲ ತೀರಿಸಲು ಹದಿಮೂರು ವರ್ಷ ಹಿಡಿಯುತ್ತದೆ ಎಂದು ಆಗ ಗೊತ್ತಿರಲಿಲ್ಲ.

ಮೊದಲ ಎರಡು ವರ್ಷ ನಾನು ಮಾಡಿದ್ದೆಲ್ಲ ತಪ್ಪು. ಕಳ್ಳಿ ಅಂದಮೇಲೆ ಬಿಸಿಲು ಬೇಕು ಅಂತ ಪಶ್ಚಿಮದ ಬಿಸಿಲಿಗೆ ಇಟ್ಟೆ. ಕೊಂಡಿಗಳು ಕೆಂಪಗೆ ತಿರುಗಿ ಸೊರಗಿದವು. ಮಣ್ಣಿಗೇನು ಬರ ಅಂತ ಪುಣೆಯ ಕಪ್ಪು ಎರೆಮಣ್ಣು ತುಂಬಿದೆ. ಮಳೆಗಾಲದಲ್ಲಿ ಅದು ಅಂಟಾಗಿ ನೀರು ಹಿಡಿದು ಬುಡವೇ ಕೊಳೆತು ಹೋಯಿತು. ಉಳಿದದ್ದು ತುದಿಯ ಎರಡೇ ಕೊಂಡಿ. ಅವನ್ನೇ ಮತ್ತೆ ನೆಟ್ಟು ಶುರುವಿನಿಂದ ಶುರು ಮಾಡಿದೆ.

ಆಂಟಿ 2001ರಲ್ಲಿ ಮಂಗಳೂರಿಗೆ ವಾಪಸು ಹೋದರು. ಪ್ರತಿ ಕ್ರಿಸ್ಮಸ್‌ಗೆ ನಾನು ಫೋನ್ ಮಾಡುತ್ತಿದ್ದೆ. ಹಬ್ಬದ ಶುಭಾಶಯ ಮುಗಿದ ತಕ್ಷಣ ಅವರ ಪ್ರಶ್ನೆ ಒಂದೇ. "ಎಂತ, ಹೂ ಬಿಟ್ಟಿತಾ?" ಇಲ್ಲ ಆಂಟಿ, ಇಲ್ಲ ಆಂಟಿ ಅಂತ ಹೇಳಿ ಹೇಳಿ ನನಗೇ ನಾಚಿಕೆ. 2004ರ ಕ್ರಿಸ್ಮಸ್‌ಗೆ ಅಂಕಲ್ ತೀರಿಕೊಂಡು ಮೂರು ತಿಂಗಳಾಗಿತ್ತು. ಫೋನಿನಲ್ಲಿ ಆಂಟಿಯ ದನಿ ಬಾಡಿತ್ತು. ಆ ದಿನ ಪ್ರಶ್ನೆ ಬಂದಾಗ ನನ್ನ ಬಾಯಿಂದ "ಹೂಂ ಆಂಟಿ, ಬಿಟ್ಟಿದೆ. ಆರು ಹೂ" ಅಂತ ಬಂದುಬಿಟ್ಟಿತು. ಆರು ಎಂಬ ಸಂಖ್ಯೆ ಎಲ್ಲಿಂದ ಬಂತೋ ದೇವರೇ ಬಲ್ಲ. ಬ್ಯಾಂಕಿನಲ್ಲಿ ಒಂದು ಸುಳ್ಳು ಎಂಟ್ರಿ ಹಾಕದವನು ಇಲ್ಲಿ ಆರು ಹಾಕಿದ್ದೆ.

ಆ ಎಂಟ್ರಿ ಕಾಡತೊಡಗಿತು. ಇನ್ನು ಈ ಗಿಡದ ಕೆವೈಸಿ ಮಾಡಲೇಬೇಕು ಅಂತ ಹೊರಟೆ. ನಾನು ಬಿ.ಕಾಂ. ಓದಿದವನು. ಬಾಟನಿಗೂ ನನಗೂ ಸಂಬಂಧವಿಲ್ಲ. ಆದರೆ ಒಬ್ಬ ಗ್ರಾಹಕ ಎಲ್ಲಿಯವನು, ಎಲ್ಲೆಲ್ಲಿ ಇದ್ದು ಬಂದ ಅಂತ ನೋಡಿದರೆ ಅವನ ಅರ್ಧ ಸಮಸ್ಯೆ ಅರ್ಥವಾಗುತ್ತದೆ ಅನ್ನುವುದನ್ನು ನೌಕರಿ ಕಲಿಸಿತ್ತು. ಗಿಡದ ವಿಷಯದಲ್ಲೂ ಹಾಗೇ ಆಯಿತು.

ಇದರ ತವರು ಮರಳುಗಾಡಲ್ಲ. ಬ್ರೆಜಿಲ್ ದೇಶದ ರಿಯೊ ಡಿ ಜನೈರೊ ನಗರದ ಉತ್ತರಕ್ಕೆ ಒಂದು ಬೆಟ್ಟಸಾಲಿದೆ. ಅದರ ಚೂಪು ಶಿಖರಗಳು ಚರ್ಚಿನ ಆರ್ಗನ್ ವಾದ್ಯದ ಕೊಳವೆಗಳ ಹಾಗೆ ಸಾಲಾಗಿ ನಿಂತಿವೆ ಎಂದು ಪೋರ್ಚುಗೀಸರು ಆರ್ಗನ್ ಬೆಟ್ಟಗಳು ಎಂದೇ ಹೆಸರಿಟ್ಟರು. ಎತ್ತರದ ಶಿಖರ ಸುಮಾರು 2275 ಮೀಟರ್. ಅಟ್ಲಾಂಟಿಕ್ ಸಮುದ್ರದಿಂದ ಬರುವ ಮೋಡ ಈ ಬೆಟ್ಟಗಳಿಗೆ ಬಡಿದು ಮಳೆ ಸುರಿಸುತ್ತದೆ. ನಮ್ಮ ಆಗುಂಬೆ, ಕುದುರೆಮುಖದ ಕಾಡು ನೆನಪಿಸಿಕೊಳ್ಳಿ, ಹೆಚ್ಚುಕಡಿಮೆ ಅದೇ ಚಿತ್ರ. ಅಲ್ಲಿ ಮಲೆನಾಡಿನ ಮರಗಳ ಮೇಲೆ ಸೀತಾಳೆ ಹೂ ಬೆಳೆಯುವ ಹಾಗೆ ಈ ಕಳ್ಳಿ ಮರದ ಕವಲಿನಲ್ಲಿ, ಪಾಚಿ ಹಿಡಿದ ಬಂಡೆಯ ಬಿರುಕಿನಲ್ಲಿ ಬೆಳೆಯುತ್ತದೆ. ಬಂದಳಿಕೆಯ ಹಾಗೆ ಮರದ ರಸ ಹೀರುವುದಿಲ್ಲ. ಕವಲಿನಲ್ಲಿ ಕೊಳೆತ ಎಲೆ, ತೊಗಟೆಯ ಪುಡಿ, ಸುರಿದು ಹರಿದುಹೋಗುವ ಮಳೆ, ಇಷ್ಟೇ ಅದರ ಆಹಾರ. ಹೂವಿಗೆ ಬರುವುದು ಜೇಂಕಾರದ ಹಕ್ಕಿ, ಅಂದರೆ ಹಮ್ಮಿಂಗ್‌ಬರ್ಡ್. ಹೂ ಕೆಂಪಾಗಿ, ಉದ್ದವಾಗಿ, ಅಡ್ಡಕ್ಕೆ ಚಾಚಿಕೊಂಡಿರುವುದು ಆ ಹಕ್ಕಿಯ ಕೊಕ್ಕಿಗಾಗಿ.

ಇಷ್ಟು ಓದಿದ್ದೇ ನನ್ನ ಎರೆಮಣ್ಣಿನ ಪಾಪ ಅರ್ಥವಾಯಿತು. ಮರದ ಮೇಲೆ ಬದುಕುವವನನ್ನು ಕೆಸರಿನಲ್ಲಿ ಹೂತಿದ್ದೆ.

ಕಾಡಿನಿಂದ ಇದು ಊರಿಗೆ ಬಂದ ಕಥೆ ಇನ್ನೂ ಸ್ವಾರಸ್ಯ. 1818ರ ಹೊತ್ತಿಗೆ ಇಂಗ್ಲೆಂಡಿನ ಗಾಜಿನ ಮನೆಗಳಲ್ಲಿ ಇದರ ಒಂದು ಜಾತಿ ಬೆಳೆಯುತ್ತಿತ್ತು. 1819ರಲ್ಲಿ ಹಾವರ್ತ್ ಎಂಬ ಇಂಗ್ಲಿಷ್ ಸಸ್ಯತಜ್ಞ ಅದಕ್ಕೆ ಎಪಿಫಿಲ್ಲಮ್ ಟ್ರಂಕೇಟಮ್ ಎಂದು ಹೆಸರಿಟ್ಟ. ಎಪಿಫಿಲ್ಲಮ್ ಎಂದರೆ ಎಲೆಯ ಮೇಲೆ ಹೂ ಬಿಡುವುದು, ಟ್ರಂಕೇಟಮ್ ಎಂದರೆ ತುದಿ ಕತ್ತರಿಸಿದಂತೆ ಇರುವುದು. ಎಲೆಯಲ್ಲ, ಕಾಂಡ ಎಂಬುದು ಬೇರೆ ಮಾತು. ಅಂದ ಹಾಗೆ ನಮ್ಮ ಮನೆಗಳಲ್ಲಿ ರಾತ್ರಿ ಅರಳಿದರೆ ಆರತಿ ಎತ್ತಿ ಅಕ್ಕಪಕ್ಕದವರನ್ನೆಲ್ಲ ಕರೆಯುವ 'ಬ್ರಹ್ಮಕಮಲ' ಇದೆಯಲ್ಲ, ಅದು ಇಂದಿಗೂ ಎಪಿಫಿಲ್ಲಮ್ ಕುಲದ್ದೇ. ಮೆಕ್ಸಿಕೊ ಕಡೆಯ ಕಳ್ಳಿ. ಹಿಮಾಲಯದ ನಿಜವಾದ ಬ್ರಹ್ಮಕಮಲ ಬೇರೆಯೇ ಗಿಡ. ಇದನ್ನು ಅಮ್ಮನಿಗೆ ಹೇಳಿದಾಗ ಅವರು ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

1837ರಲ್ಲಿ ಜಾರ್ಜ್ ಗಾರ್ಡ್ನರ್ ಎಂಬ ಸ್ಕಾಟ್ಲೆಂಡಿನ ಸಸ್ಯಸಂಗ್ರಾಹಕ ಅದೇ ಆರ್ಗನ್ ಬೆಟ್ಟಗಳಲ್ಲಿ, ಇನ್ನೂ ಎತ್ತರದ ತಂಪು ಜಾಗದಲ್ಲಿ, ಎರಡನೆಯ ಜಾತಿಯನ್ನು ಕಂಡ. ಈತ 1836ರಿಂದ 1841ರವರೆಗೆ ಬ್ರೆಜಿಲ್ ಸುತ್ತಿದ, ಅದರ ಮೇಲೆ ಪುಸ್ತಕವನ್ನೂ ಬರೆದ. 1844ರಲ್ಲಿ ನಮ್ಮ ನೆರೆಯ ಸಿಲೋನಿಗೆ ಪೆರದೇನಿಯ ಸಸ್ಯೋದ್ಯಾನದ ಮುಖ್ಯಸ್ಥನಾಗಿ ಬಂದ. ನಲವತ್ತು ತುಂಬುವ ಮೊದಲೇ, 1849ರಲ್ಲಿ, ಅಲ್ಲಿಯ ನುವರ ಎಲಿಯದಲ್ಲಿ ತೀರಿಕೊಂಡ.

ಈ ಎರಡು ಜಾತಿಗಳನ್ನು ಇಂಗ್ಲೆಂಡಿನ ರೋಲಿಸನ್ ನರ್ಸರಿಯಲ್ಲಿ ಬಕ್ಲಿ ಎಂಬಾತ ಕೂಡಿಸಿದ. ಹುಟ್ಟಿದ ಮಿಶ್ರತಳಿ 1852ರಲ್ಲಿ ದಾಖಲಾಯಿತು. ನಿಜವಾದ ಕ್ರಿಸ್ಮಸ್ ಕ್ಯಾಕ್ಟಸ್ ಅದು. 1858ರಲ್ಲಿ ಫ್ರಾನ್ಸಿನ ಲೆಮೇರ್ ಈ ಗುಂಪಿಗೆ ಫ್ರೆಡರಿಕ್ ಶ್ಲುಂಬರ್ಗರ್ ಎಂಬ ಕಳ್ಳಿ ಸಂಗ್ರಾಹಕನ ಹೆಸರಿಟ್ಟ. 1860ರ ದಶಕದಲ್ಲಿ ಯುರೋಪಿನಲ್ಲಿ ಇದರ ಹುಚ್ಚು ಜೋರಾಗಿ ಹತ್ತಾರು ತಳಿಗಳು ಬಂದವು. 1900ರ ಹೊತ್ತಿಗೆ ಫ್ಯಾಷನ್ ಇಳಿದು ಅವುಗಳಲ್ಲಿ ಬಹಳಷ್ಟು ಕಳೆದೇ ಹೋದವು. ತಳಿ ಬೆಳೆಸುವ ಕೆಲಸ ಮತ್ತೆ ಜೀವ ಪಡೆದದ್ದು 1950ರ ನಂತರ.

ಕೆವೈಸಿಯಲ್ಲಿ ಒಂದು ವ್ಯತ್ಯಾಸವೂ ಸಿಕ್ಕಿತು. ಬಕ್ಲಿಯ ಮಿಶ್ರತಳಿಯ ಕೊಂಡಿಯ ಅಂಚು ದುಂಡಗೆ ಇರುತ್ತದೆ. ಮೊದಲು ಬಂದ ಟ್ರಂಕೇಟಾದ ಕೊಂಡಿಗೆ ಎರಡೂ ಕಡೆ ಚೂಪು ಹಲ್ಲುಗಳು, ಏಡಿಯ ಕೊಂಬಿನಂತೆ. ಭೂತಗನ್ನಡಿ ಹಿಡಿದು ನೋಡಿದರೆ ನನ್ನ ಗಿಡಕ್ಕೆ ಚೂಪು ಹಲ್ಲು! ಆಂಟಿಯ ಕ್ರಿಸ್ಮಸ್ ಕ್ಯಾಕ್ಟಸ್ ಅಸಲಿಗೆ ಟ್ರಂಕೇಟಾ ವಂಶದ್ದು, ಕ್ರಿಸ್ಮಸ್‌ಗಿಂತ ಸ್ವಲ್ಪ ಮುಂಚೆಯೇ ಹೂ ಬಿಡುವ ಸ್ವಭಾವದ್ದು. ಇವತ್ತು ಅಂಗಡಿಯಲ್ಲಿ ಆ ಹೆಸರಿನಲ್ಲಿ ಸಿಗುವುದರಲ್ಲಿ ಹೆಚ್ಚಿನವು ಇಂಥವೇ.

ಈಗ ಅಮ್ಮನ ಪಾಪಾಸುಕಳ್ಳಿಗೆ ಒಂದು ಕ್ಷಣ ಬರುತ್ತೇನೆ, ಏಕೆಂದರೆ ಅದೂ ಕೊಂಡಿ ಕೊಂಡಿಯಾಗಿ ಬೆಳೆಯುವ ಕಳ್ಳಿಯೇ, ಅದರ ಕಥೆಯಲ್ಲೂ ರಿಯೊ ಬರುತ್ತದೆ. ಅದೂ ನಮ್ಮ ದೇಶದ್ದಲ್ಲ, ಅಮೆರಿಕ ಖಂಡದಿಂದ ಬಂದದ್ದು. ಹದಿನೆಂಟನೆಯ ಶತಮಾನದಲ್ಲಿ ಕೊಚಿನೀಲ್ ಎಂಬ ಹುಳುವಿನಿಂದ ತೆಗೆಯುವ ಕೆಂಪು ಬಣ್ಣಕ್ಕೆ ಭಾರೀ ಬೆಲೆ. ಆ ಹುಳು ಬದುಕುವುದು ಪಾಪಾಸುಕಳ್ಳಿಯ ಮೇಲೆ. ಆ ವ್ಯಾಪಾರ ಮೆಕ್ಸಿಕೊ ಆಳುತ್ತಿದ್ದ ಸ್ಪೇನಿನ ಕೈಯಲ್ಲಿತ್ತು. ಈಸ್ಟ್ ಇಂಡಿಯಾ ಕಂಪನಿಗೂ ಆಸೆ ಹುಟ್ಟಿತು. ಮದ್ರಾಸಿನಲ್ಲಿ ಕಂಪನಿಯ ವೈದ್ಯ ಜೇಮ್ಸ್ ಆಂಡರ್ಸನ್ ಕಳ್ಳಿಯ ತೋಟವನ್ನೇ ಮಾಡಿದ. 1795ರಲ್ಲಿ ಕ್ಯಾಪ್ಟನ್ ನೀಲ್ಸನ್ ರಿಯೊ ಬಂದರಿನಿಂದ ಹುಳು ಹತ್ತಿದ ಕಳ್ಳಿಯನ್ನು ಹಡಗಿನಲ್ಲಿ ಕಲ್ಕತ್ತೆಗೆ ತಂದ. ಆದರೆ ತಂದದ್ದು ತಪ್ಪು ಹುಳು! ಬಣ್ಣ ಕಳಪೆ, ಹಸಿವು ಜೋರು. ಒಂದು ಜಾತಿಯ ಕಳ್ಳಿಯನ್ನು ತಿಂದು ಮುಗಿಸುತ್ತಾ ಹೋಯಿತು. ಅದನ್ನು ನೋಡಿ 1836ರಿಂದ 1838ರ ನಡುವೆ ದಕ್ಷಿಣ ಭಾರತಕ್ಕೆ ಬೇಕೆಂದೇ ತಂದು ಬಿಟ್ಟರು. ಕಳೆಯನ್ನು ಕೊಲ್ಲಲು ಕೀಟ ಬಿಡುವ ವಿಧಾನದ ಮೊದಲ ಯಶಸ್ಸು ಎಂದು ಇದನ್ನೇ ಹೇಳುತ್ತಾರೆ. ಆದರೆ ಇನ್ನೊಂದು ಜಾತಿಯ ಪಾಪಾಸುಕಳ್ಳಿಯನ್ನು ಆ ಹುಳು ಮುಟ್ಟಲಿಲ್ಲ. ಅದು ದಕ್ಷಿಣದ ಹೊಲ ಬೀಳುಗಳನ್ನೆಲ್ಲ ತುಂಬಿಕೊಂಡಿತು. 1926ರಲ್ಲಿ ಸಿಲೋನಿನಿಂದ ಬೇರೆ ಕೊಚಿನೀಲ್ ಹುಳು ತಂದು ಬಿಟ್ಟ ಮೇಲೆಯೇ ಕೆಲವೇ ವರ್ಷಗಳಲ್ಲಿ ಅದರ ಸೊಕ್ಕು ಇಳಿದದ್ದು. ನಾನು ಚಿಕ್ಕವನಿದ್ದಾಗ ಬದುವಿನಲ್ಲಿ ಕಂಡದ್ದು ಹಾಗೆ ಉಳಿದುಕೊಂಡದ್ದನ್ನು.

ಒಂದು ಕಳ್ಳಿ ಬೇಡ ಬೇಡವೆಂದರೂ ಹರಡಿತು, ಇನ್ನೊಂದು ಎಷ್ಟು ಕರೆದರೂ ಹೂ ಬಿಡುತ್ತಿಲ್ಲ. ವ್ಯತ್ಯಾಸ ಎಲ್ಲಿದೆ? ಪಾಪಾಸುಕಳ್ಳಿಗೆ ಬಿಸಿಲು ಮತ್ತು ಜಾಗ ಸಿಕ್ಕರೆ ಸಾಕು. ನನ್ನ ಗಿಡಕ್ಕೆ ಅದರ ಲೆಕ್ಕ ಸರಿಹೋಗಬೇಕು. ಆ ಲೆಕ್ಕ ಯಾವುದು ಎಂಬುದು ಅದರ ಬ್ರೆಜಿಲ್ ಹೆಸರಿನಲ್ಲೇ ಇತ್ತು.

ಬ್ರೆಜಿಲ್‌ನಲ್ಲಿ ಇದನ್ನು ಯಾರೂ ಕ್ರಿಸ್ಮಸ್ ಹೂ ಅನ್ನುವುದಿಲ್ಲ. ಅಲ್ಲಿ ಇದು 'ಮೇ ತಿಂಗಳ ಹೂ'. ಭೂಮಧ್ಯರೇಖೆಯ ದಕ್ಷಿಣಕ್ಕೆ ಮೇ ಎಂದರೆ ಹಗಲು ಕುಗ್ಗುತ್ತ ಚಳಿಗಾಲ ಹತ್ತಿರವಾಗುವ ಕಾಲ, ನಮಗೆ ನವೆಂಬರ್ ಇದ್ದ ಹಾಗೆ. ಗಿಡ ಹಡಗು ಹತ್ತಿ ಉತ್ತರಕ್ಕೆ ಬಂದಾಗ ಅದು ತನ್ನ ನಿಯಮ ಬಿಡಲಿಲ್ಲ. ರಾತ್ರಿ ಉದ್ದವಾದಾಗ ಮೊಗ್ಗು ಕಟ್ಟು, ಅಷ್ಟೇ ಅದಕ್ಕೆ ಗೊತ್ತು. ಉತ್ತರದಲ್ಲಿ ರಾತ್ರಿ ಉದ್ದವಾಗುವುದು ವರ್ಷದ ಕೊನೆಗೆ. ಹೀಗಾಗಿ ಮೇ ತಿಂಗಳ ಹೂ ಯುರೋಪಿನಲ್ಲಿ ಕ್ರಿಸ್ಮಸ್ ಹೂವಾಯಿತು. ಊರು ಬಿಟ್ಟು ಬಂದವರಿಗೆ ಇದು ಹೊಸ ಸಂಗತಿಯಲ್ಲ, ಇರಲಿ ಬಿಡಿ.

ಗಿಡಗಳು ರಾತ್ರಿ ಹಗಲು ಅಳೆಯುತ್ತವೆ ಎಂದು ವಿಜ್ಞಾನಕ್ಕೆ ಖಚಿತವಾದದ್ದು ತೀರಾ ಇತ್ತೀಚೆಗೆ, 1920ರಲ್ಲಿ. ಅಮೆರಿಕದ ಕೃಷಿ ಇಲಾಖೆಯ ಗಾರ್ನರ್ ಮತ್ತು ಅಲ್ಲಾರ್ಡ್ ಎಂಬ ಇಬ್ಬರಿಗೆ ಒಂದು ಜಾತಿಯ ಹೊಗೆಸೊಪ್ಪು ಸಮಸ್ಯೆಯಾಗಿತ್ತು. ಬೇಸಿಗೆಯಲ್ಲಿ ಅದು ಆಳೆತ್ತರ ಮೀರಿ ಬೆಳೆದರೂ ಹೂ ಬಿಡದು. ಗೊಬ್ಬರ, ನೀರು, ಉಷ್ಣಾಂಶ ಎಲ್ಲ ನೋಡಿ ಕೊನೆಗೆ ಕುಂಡಗಳನ್ನು ಹಗಲು ಮುಗಿಯುವ ಮೊದಲೇ ಒಂದು ಕತ್ತಲೆ ಗುಡಿಸಲಿಗೆ ಒಯ್ದಿಟ್ಟು ಮರುದಿನ ಹೊರಗೆ ತಂದರು. ಹೂ ಬಂತು! 1938ರಲ್ಲಿ ಹ್ಯಾಮ್ನರ್ ಮತ್ತು ಬಾನರ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಇಂಥ ಗಿಡ ಎಣಿಸುವುದು ಹಗಲನ್ನಲ್ಲ, ಕತ್ತಲೆಯನ್ನು. ಉದ್ದದ ರಾತ್ರಿಯ ನಡುವೆ ಸ್ವಲ್ಪ ಹೊತ್ತು ದೀಪ ಹಾಕಿದರೂ ಸಾಕು, ಎಣಿಕೆ ಕೆಟ್ಟು ಹೂ ನಿಲ್ಲುತ್ತದೆ.

ಇದನ್ನು ಓದಿದ ರಾತ್ರಿ ನಾನು ಎದ್ದು ಬಾಲ್ಕನಿಗೆ ಹೋದೆ. ಹನ್ನೊಂದು ಗಂಟೆ. ಪೇಪರ್ ಓದಬಹುದಾದಷ್ಟು ಬೆಳಕು! ನಮ್ಮ ಸೊಸೈಟಿಯ ಪಾರ್ಕಿಂಗಿನಲ್ಲಿ ಬೈಕ್ ಕಳುವಾದ ಮೇಲೆ ಕಂಬಕ್ಕೆ ಹಾಕಿದ್ದ ಹ್ಯಾಲೊಜೆನ್ ದೀಪ ನೇರ ನನ್ನ ಕುಂಡದ ಮೇಲೆ ಬೀಳುತ್ತಿತ್ತು. ಆ ದೀಪದ ಬಿಲ್ಲಿಗೆ ಚೆಕ್ ಸಹಿ ಮಾಡಿದ್ದು ನಾನೇ. ಬ್ಯಾಂಕಿನವನು ಅಂದಮೇಲೆ ಸೊಸೈಟಿಯ ಖಜಾಂಚಿಗಿರಿ ತಪ್ಪುತ್ತದೆಯೇ? ಇಷ್ಟು ವರ್ಷ ನನ್ನ ಗಿಡಕ್ಕೆ ರಾತ್ರಿಯೇ ಆಗಿರಲಿಲ್ಲ.

ಲೆಕ್ಕ ಹಾಕಿ ನೋಡಿದೆ. ಆರ್ಗನ್ ಬೆಟ್ಟಗಳು ಇರುವುದು ದಕ್ಷಿಣ ಅಕ್ಷಾಂಶ 22.5 ಡಿಗ್ರಿಯ ಹತ್ತಿರ. ಪುಣೆ ಉತ್ತರ ಅಕ್ಷಾಂಶ 18.5. ಕನ್ನಡಿಯಲ್ಲಿ ನೋಡಿದರೆ ಹೆಚ್ಚು ದೂರವಿಲ್ಲ. ಅಲ್ಲಿ ಜೂನ್ ರಾತ್ರಿ 13 ಗಂಟೆ ಚಿಲ್ಲರೆ, ಇಲ್ಲಿ ಡಿಸೆಂಬರ್ ರಾತ್ರಿ 13 ಗಂಟೆ. ಲಂಡನ್ನಿನ ಡಿಸೆಂಬರ್ ರಾತ್ರಿಯಂತೂ 16 ಗಂಟೆ. ಅಂದರೆ ಕತ್ತಲೆಯ ಲೆಕ್ಕದಲ್ಲಿ ಈ ಗಿಡಕ್ಕೆ ಇಂಗ್ಲೆಂಡಿಗಿಂತ ಪುಣೆಯೇ ತವರಿಗೆ ಹತ್ತಿರ! ಕೊರತೆ ಎರಡೇ. ನಮ್ಮ ದೀಪ, ನಮ್ಮ ಸೆಕೆ. ಮೊಗ್ಗು ಮೂಡಲು ರಾತ್ರಿ 15ರಿಂದ 20 ಡಿಗ್ರಿ ಇದ್ದರೆ ಉತ್ತಮ. 24 ದಾಟಿದರೆ ಕತ್ತಲೆ ಎಷ್ಟಿದ್ದರೂ ಕಷ್ಟ. ಮುಂಬೈಯ ಅಕ್ಟೋಬರ್ ರಾತ್ರಿ ಅದರ ಆಸುಪಾಸಿನದೇ. ಆಂಟಿಯ ಗಿಡ ಏಕೆ ಹಟ ಹಿಡಿಯಿತು, ಕಾಫಿ ತೋಟದ ಜಗಲಿಯಲ್ಲಿ ಏಕೆ ತಾನಾಗಿ ಬಿಡುತ್ತಿತ್ತು ಎಂಬುದಕ್ಕೆ ಬೇರೆ ಉತ್ತರ ಬೇಕೆ? ಅಲ್ಲಿ ಬೆಟ್ಟದ ತಂಪು. ಸಂಜೆ ಸೀಮೆಎಣ್ಣೆ ದೀಪ ಆರಿದ ಮೇಲೆ ಬೆಳಗಿನವರೆಗೆ ಕತ್ತಲೆ.

2009ರಲ್ಲಿ ಕೆಲಸ ಶುರು ಮಾಡಿದೆ. ದೀಪ ತೆಗೆಸಿ ಎಂದು ಮೀಟಿಂಗಿನಲ್ಲಿ ಹೇಳಿದರೆ ನಗುತ್ತಾರೆ, ಗೊತ್ತಿತ್ತು. ಹಳೆಯ ಟಿವಿಯ ರಟ್ಟಿನ ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿದೆ. ಅಕ್ಟೋಬರ್ ಮೊದಲ ವಾರದಿಂದ ಸಂಜೆ ಆರೂವರೆಗೆ ಕುಂಡದ ಮೇಲೆ ಪೆಟ್ಟಿಗೆ ಮುಚ್ಚುವುದು, ಬೆಳಿಗ್ಗೆ ಎಂಟಕ್ಕೆ ತೆಗೆಯುವುದು. ನಾನು ಬ್ರಾಂಚಿನಿಂದ ಬರುವುದು ತಡವಾದರೆ ಹೆಂಡತಿಗೆ ಫೋನ್. "ನಿಮ್ಮ ಮಗಳನ್ನ ಮಲಗಿಸಿದ್ದೀನಿ, ಬನ್ನಿ" ಅಂತ ಅವಳ ಉತ್ತರ. ಆ ವರ್ಷ ಏನೂ ಆಗಲಿಲ್ಲ. ಹದಿನೈದು ದಿನ ಆಡಿಟ್ ಗಲಾಟೆಯಲ್ಲಿ ಎಷ್ಟೋ ರಾತ್ರಿ ತಪ್ಪಿತ್ತು.

2010ರಲ್ಲಿ ಒಂದು ರಾತ್ರಿಯೂ ತಪ್ಪಿಸಲಿಲ್ಲ. ಆರನೆಯ ವಾರ ಕೊನೆಯ ಕೊಂಡಿಗಳ ತುದಿಯಲ್ಲಿ ರಾಗಿಕಾಳಿನಷ್ಟು ಕೆಂಪು ಚುಕ್ಕೆ! ಕುಣಿದುಬಿಟ್ಟೆ. ಖುಷಿಯಲ್ಲಿ ಕುಂಡವನ್ನು ಒಳಗೆ ತಂದು ಊಟದ ಮೇಜಿನ ಮೇಲೆ ಇಟ್ಟೆ, ಎಲ್ಲರೂ ನೋಡಲಿ ಅಂತ. ಪಕ್ಕದಲ್ಲೇ ಬಾಳೆಹಣ್ಣಿನ ಬುಟ್ಟಿ. ಒಂದು ವಾರದಲ್ಲಿ ಹತ್ತೂ ಮೊಗ್ಗು ಒಂದೊಂದಾಗಿ ಉದುರಿದವು. ಹಣ್ಣಾಗುವ ಬಾಳೆ ಎಥಿಲೀನ್ ಎಂಬ ಅನಿಲ ಬಿಡುತ್ತದೆ, ಅದು ತಗುಲಿದರೆ ಈ ಗಿಡದ ಮೊಗ್ಗು ನಿಲ್ಲುವುದಿಲ್ಲ ಎಂದು ಆಮೇಲೆ ತಿಳಿಯಿತು. ಜಾಗ ಬದಲಿಸಿದ್ದೂ ತಪ್ಪೇ. ಮೊಗ್ಗು ಕಟ್ಟಿದ ಗಿಡಕ್ಕೆ ಟ್ರಾನ್ಸ್‌ಫರ್ ಆರ್ಡರ್ ಕೊಡಬಾರದು.

ಆ ಹೊತ್ತಿಗೆ ಒಂದು ಪದ್ಧತಿ ಕುದುರಿತ್ತು, ಈಗಲೂ ಅದನ್ನೇ ಮಾಡುತ್ತೇನೆ. ಮಣ್ಣಿನ ಬದಲು ತೆಂಗಿನ ನಾರಿನ ಪುಡಿ, ಇದ್ದಿಲ ಚೂರು, ತೊಗಟೆಯ ತುಂಡು, ಸ್ವಲ್ಪ ಎಲೆಗೊಬ್ಬರ. ಬೇಸಿಗೆಯಲ್ಲಿ ನೆರಳು, ಬೆಳಗಿನ ಎಳೆಬಿಸಿಲು ಮಾತ್ರ. ಮೇಲಿನ ಪದರ ಒಣಗಿದ ಮೇಲೆ ನೀರು, ಕುಂಡದ ಕೆಳಗಿನ ತಟ್ಟೆಯಲ್ಲಿ ನೀರು ನಿಲ್ಲಬಾರದು. ಮಳೆಗಾಲದಲ್ಲಿ ಸೂರಿನ ಕೆಳಗೆ. ಸೆಪ್ಟೆಂಬರ್‌ನಿಂದ ಗೊಬ್ಬರ ಬಂದ್, ನೀರೂ ಕಡಿಮೆ. ಅಕ್ಟೋಬರ್‌ನಿಂದ ಆರೇಳು ವಾರ ಪೆಟ್ಟಿಗೆ. ಮೊಗ್ಗು ಕಂಡ ಮೇಲೆ ಪೆಟ್ಟಿಗೆ ಬೇಡ, ಆದರೆ ಕುಂಡವನ್ನು ಅಲುಗಿಸಬಾರದು, ಒಣಗಲು ಬಿಡಬಾರದು. ನೋಡಿ, ಇದರಲ್ಲಿ ಹೆಚ್ಚಿನದು ಮಾಡುವ ಕೆಲಸವಲ್ಲ, ಮಾಡದೆ ಇರುವ ಕೆಲಸ. ನಾನು ಇಷ್ಟು ವರ್ಷ ಕಡಿಮೆ ಕೊಟ್ಟಿರಲಿಲ್ಲ. ಬಿಸಿಲು, ನೀರು, ಮಣ್ಣು, ಬೆಳಕು ಎಲ್ಲ ಜಾಸ್ತಿಯೇ ಕೊಟ್ಟಿದ್ದೆ.

2011ರ ಡಿಸೆಂಬರ್ ಎರಡನೆಯ ವಾರ. ಬೆಳಿಗ್ಗೆ ಬಾಲ್ಕನಿಗೆ ಕಾಫಿ ಲೋಟ ಹಿಡಿದು ಹೋದರೆ ಮೊದಲ ಹೂ ಅರಳಿತ್ತು. ಗಾಢ ಗುಲಾಬಿ. ಹೂವಿನೊಳಗಿಂದ ಇನ್ನೊಂದು ಹೂ ಹೊರಟ ಹಾಗೆ ಹಿಂದಕ್ಕೆ ಬಾಗಿದ ಎಸಳುಗಳು, ಮುಂದಕ್ಕೆ ಚಾಚಿದ ಕೇಸರಗಳು. ಅಮ್ಮ ಆಗ ಪುಣೆಯಲ್ಲೇ ಇದ್ದರು. ಬಂದು ನೋಡಿದರು. ಏನೂ ಹೇಳಲಿಲ್ಲ. ಮಧ್ಯಾಹ್ನ ನೋಡಿದರೆ ಕುಂಡದ ಬದಿಗೆ ಒಂದು ಚಿಟಿಕೆ ಅರಿಶಿನ ಕುಂಕುಮ.

ಕ್ರಿಸ್ಮಸ್ ದಿನ ಮಂಗಳೂರಿಗೆ ಫೋನ್ ಮಾಡಿದೆ. ಆಂಟಿಗೆ ಎಂಬತ್ತರ ಹತ್ತಿರ. ಕಣ್ಣು ಮಂದವಾಗಿತ್ತು, ದನಿ ಗಟ್ಟಿಯಾಗಿತ್ತು. ಅವರು ಕೇಳುವ ಮೊದಲೇ ನಾನೇ ಹೇಳಿದೆ.

"ಆಂಟಿ, ಹೂ ಬಿಟ್ಟಿತು!"

"ಹೌದಾ? ಆಗಲೇ ಒಮ್ಮೆ ಬಿಟ್ಟಿತ್ತಲ್ಲ ಮಾರಾಯ. ಆರು ಹೂ ಅಂತ ನೀನೇ ಹೇಳಿದ್ದು."

ಏಳು ವರ್ಷದ ಹಿಂದಿನ ಎಂಟ್ರಿ ಅವರ ಲೆಡ್ಜರಿನಲ್ಲಿ ಹಾಗೇ ಇತ್ತು. ತಪ್ಪೊಪ್ಪಿಕೊಳ್ಳದೆ ಬೇರೆ ದಾರಿ ಇರಲಿಲ್ಲ. "ಅದು ಸುಳ್ಳು ಆಂಟಿ. ಆವತ್ತು ನಿಮಗೆ ಬೇಜಾರಾಗಬಾರದು ಅಂತ ಹೇಳಿದ್ದೆ. ಮೊದಲ ಸಲ ಬಿಟ್ಟಿದ್ದು ಈಗಲೇ" ಅಂದೆ.

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ನಗು ಕೇಳಿತು.

"ನನಗೆ ಆವತ್ತೇ ಗೊತ್ತಾಗಿತ್ತು. ನಾನು ಮುಂಬೈಗೆ ಬಂದ ಮೇಲೆ ಅಮ್ಮ ಬದುಕಿರುವವರೆಗೆ ಪ್ರತಿ ಕ್ರಿಸ್ಮಸ್‌ಗೆ ಕಾಗದ ಬರೆಯುತ್ತಿದ್ದೆ, ಹೂ ಬಿಟ್ಟಿದೆ ಅಂತ. ಒಂದು ವರ್ಷವೂ ಬಿಟ್ಟಿರಲಿಲ್ಲ." ಮತ್ತೆ ಸ್ವಲ್ಪ ಸುಮ್ಮನಿದ್ದು ಕೇಳಿದರು. "ಬಣ್ಣ ಎಂತದ್ದು?"

"ಗುಲಾಬಿ ಆಂಟಿ. ಗಾಢ ಗುಲಾಬಿ."

"ಸರಿ ಹಾಗಾದರೆ. ಅದೇ ಅದು."

ಅದೇ ಅದು. ಬೀಜದಿಂದ ಬೆಳೆಸದೆ ಕೊಂಡಿ ಮುರಿದು ನೆಟ್ಟರೆ ಹೊಸ ಗಿಡ ಹುಟ್ಟುವುದಿಲ್ಲ, ಹಳೆಯ ಗಿಡವೇ ಮುಂದುವರಿಯುತ್ತದೆ. ಚಿಕ್ಕಮಗಳೂರಿನ ಜಗಲಿಯಲ್ಲಿದ್ದದ್ದು, ಮುಂಬೈಯ ಗ್ರಿಲ್‌ನಲ್ಲಿದ್ದದ್ದು, ನನ್ನ ಬಾಲ್ಕನಿಯಲ್ಲಿರುವುದು ಎಲ್ಲ ಒಂದೇ ಗಿಡ. ಮರುವಾರ ನಾಲ್ಕು ಕೊಂಡಿ ಮುರಿದು ಒದ್ದೆ ಬಟ್ಟೆಯಲ್ಲಿ ಸುತ್ತಿ ಮಂಗಳೂರಿಗೆ ಹೊರಟಿದ್ದ ಪರಿಚಯದವರ ಕೈಯಲ್ಲಿ ಕಳಿಸಿದೆ. ಮಂಗಳೂರಿನ ಸೆಕೆಗೆ ಅದು ಹೂ ಬಿಡುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಮುಂದಿನ ಕ್ರಿಸ್ಮಸ್‌ಗೆ ಆಂಟಿಯೇ ಫೋನ್ ಮಾಡಿದರು. ಹೂ ಬಿಟ್ಟಿದೆಯಂತೆ. ಆರು!